9 ಬೈಟಿಗೂ ಅದೇ ರೇಟು, 5 ಬೈಟಿಗೂ ಅದೇ ರೇಟು

ಪುಣೆಯ ವಾಕಡ್ ಕಡೆ ಒಂದು ಸೊಸೈಟೀಲಿ ನಾವು 40 ನೀರಿನ ಮೀಟರ್ ಹಾಕಿದ್ವಿ. ಬ್ಯಾಟರಿ ಮೇಲೆ ಓಡೋವು, ಒಳಗೆ ಲೋರಾ ಅನ್ನೋ ಕಮ್ಮಿ ಕರೆಂಟಲ್ಲಿ ದೂರ ಮುಟ್ಟೋ ರೇಡಿಯೋ, 865ರಿಂದ 867 ಮೆಗಾಹರ್ಟ್ಸ್ ಬ್ಯಾಂಡು, ಇಂಡಿಯಾದಲ್ಲಿ ಇದಕ್ಕೆ ಲೈಸೆನ್ಸ್ ಬೇಡ. ಎಲ್ಲಾ ಮೀಟರ್ ಜೊತೆ ಮಾತಾಡೋ ಗೇಟ್‌ವೇ ಇಟ್ಟಿದ್ದು ಮೇನ್ ಗೇಟಿನ ವಾಚ್‌ಮನ್ ಕ್ಯಾಬಿನ್ನಲ್ಲಿ. ಆರಾಮಾಗಿ ನಡೀತಿತ್ತು, ಮೀಟರ್ ಒಳಗಿನ ಸಾಫ್ಟ್‌ವೇರ್, ಅಂದ್ರೆ ಫರ್ಮ್‌ವೇರ್ ಬದಲಾಯಿಸ್ಬೇಕು ಅಂತ ಬರೋ ತನಕ. 40 ಡಕ್ಟ್ ಬಾಗಿಲು ತೆಗೆದು ಒಂದೊಂದಕ್ಕೂ ಲ್ಯಾಪ್‌ಟಾಪ್ ಹಚ್ಚೋದು ಯಾರಿಗೆ ಬೇಕು ಹೇಳಿ, ರೇಡಿಯೋದಲ್ಲೇ ಕಳಿಸೋಣ ಅಂದ್ವಿ.

ಫೈಲು 24 ಕೆಬಿ, 96 ಬೈಟಿನ ತುಂಡು ಮಾಡಿದ್ರೆ ಸರಿಯಾಗಿ 256 ತುಂಡು. ಎಸ್‌ಎಫ್ 10 ಅನ್ನೋ ನಿಧಾನದ ಸೆಟ್ಟಿಂಗಲ್ಲಿ ಹೆಡರ್ (ಪ್ಯಾಕೆಟಿನ ತಲೆಚೀಟಿ) ಸೇರಿ 100 ಬೈಟಿನ ಒಂದು ಪ್ಯಾಕೆಟ್ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ತಗೊಳ್ಳುತ್ತೆ, ಎಲ್ಲರಿಗೂ ಒಟ್ಟಿಗೇ ಬ್ರಾಡ್‌ಕಾಸ್ಟ್ ಮಾಡಿದ್ರೆ ನಾಲ್ಕೂವರೆ ನಿಮಿಷದೊಳಗೆ ಒಂದು ಸುತ್ತು ಮುಗೀತು. ಕಳಿಸೋದು ಕಷ್ಟ ಅಲ್ಲ. ಯಾರಿಗೆ ಯಾವ್ದು ಬರ್ಲಿಲ್ಲ ಅಂತ 40 ಮೀಟರ್ ವಾಪಸ್ ಹೇಳೋದೇ ಕಷ್ಟ (ಈ ವಾಪಸ್ ಉತ್ತರಕ್ಕೇ ಆಕ್ ಅನ್ನೋದು), ಯಾಕಂದ್ರೆ ಮೀಟರಿನ ಲೋರಾ ಚಿಪ್ಪು ಎಸ್‌ಎಕ್ಸ್ 1276 ಕೇಳಿಸ್ಕೊಳ್ಳೋವಾಗ 11-12 ಮಿಲಿಆಂಪ್ ತಿಂದ್ರೆ 17 ಡಿಬಿಎಂ ಪವರಲ್ಲಿ ಮಾತಾಡೋವಾಗ 87 ತಿನ್ನುತ್ತೆ.

ಮೊದಲು ನೇರವಾಗಿ ಬಿಟ್‌ಮ್ಯಾಪ್ ಮಾಡಿದೆ, ತುಂಡಿಗೊಂದು ಬಿಟ್ಟು, ವೈಫೈನ ಬ್ಲಾಕ್ ಆಕ್ ಥರಾನೇ. 32 ಬೈಟು, ಹೆಡರ್ 3, ಒಟ್ಟು 35, ಗಾಳೀಲಿ 494 ಮಿಲಿಸೆಕೆಂಡ್. ಮೂರೇ ತುಂಡು ಕಳೆದುಹೋಗಿದ್ರೂ ಇಷ್ಟು ಉದ್ದದ ಪುರಾಣ ಯಾಕೆ ಅನ್ನಿಸ್ತು. ಎಂಟೆಂಟು ತುಂಡಿಗೆ ಒಂದೇ ಬಿಟ್ಟು ಇಟ್ಟು ನೋಡಿದೆ, 4ಜಿ ಮೊಬೈಲಿನ ಎಲ್‌ಟಿಇ ಟಿಡಿಡಿಯ ಬಂಡ್ಲಿಂಗ್ ಇದೇ ಉಪಾಯ. ಆಕ್ ಚಿಕ್ಕದಾಯ್ತು ನಿಜ, ಆದ್ರೆ ಒಂದು ಹೋದ್ರೆ ಎಂಟು ಸೆಕೆಂಡು ಮತ್ತೆ ಕಳಿಸೋ ಕೂಲಿ. ಬಿಟ್ಟೆ. ಆಮೇಲೆ ಬರದೇ ಇದ್ದ ತುಂಡಿನ ನಂಬರ್ ಮಾತ್ರ ಬರೆಯೋದು, ಒಂದಕ್ಕೆ ಒಂದು ಬೈಟು. ಮೂರು ಹೋದ್ರೆ ಹೆಡರ್ ಸೇರಿ 6 ಬೈಟು, 248 ಮಿಲಿಸೆಕೆಂಡ್, ಹೆಚ್ಚುಕಮ್ಮಿ ಅರ್ಧ.

ಖುಷಿ ಒಂದು ವಾರ. ಬೆಳಿಗ್ಗೆ ಟೆಸ್ಟ್ ಮಾಡಿದ್ರೆ ಕೆಲವು ಮೀಟರಲ್ಲಿ ಒಂದೇ ಸಮ 70 ತುಂಡು ಮಾಯ, ಲಿಸ್ಟು ಬಿಟ್‌ಮ್ಯಾಪಿಗಿಂತ ದಪ್ಪ. ನಮ್ಮ ವಾಚ್‌ಮನ್ ಕಾಕಾ ವಿಜಯಪುರ ಕಡೆಯವರು, ನಾನು ಕ್ಯಾಬಿನ್ನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದು ನೋಡಿ ಅಂದ್ರು: "ಸಾಹೇಬ್ರ, ನೀರಿನ ಟ್ಯಾಂಕರ್ ರಿವರ್ಸ್ ಹೊಡೀತೈತಲ್ರಿ, ಆವಾಗ ನನ್ನ ಮೊಬೈಲ್‌ಗೂ ರೇಂಜ್ ಸಿಗೂದಿಲ್ಲ." ಹೌದಲ್ಲ! ಆಂಟೆನಾ ಕಿಟಕಿ ಪಕ್ಕ, ಅದರ ಮುಂದೆ ನಿಮಿಷಗಟ್ಲೆ ಕಬ್ಬಿಣದ ಗೋಡೆ. ಹೋದ್ರೆ ಸಾಲಾಗಿ ಹೋಗುತ್ತೆ ಅಂದ್ಮೇಲೆ ಎಲ್ಲಿಂದ, ಎಷ್ಟು ಅಂತ 2 ಬೈಟಲ್ಲಿ ಹೇಳಿದ್ರೆ ಸಾಕು. ಈಗ ಮೀಟರ್ ಮೂರೂ ಥರ ಲೆಕ್ಕ ಹಾಕಿ ಯಾವ್ದು ಚಿಕ್ಕದೋ ಅದನ್ನೇ ಕಳಿಸುತ್ತೆ, ಯಾವ ಥರ ಅಂತ ಹೆಡರಲ್ಲಿ ಎರಡು ಬಿಟ್ಟು.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು, ನನಗೆ ಬಾಯಿ ಚಪಲದ ಥರ ಬಿಟ್ ಚಪಲ. ಎರಡನೇ ಸುತ್ತಿಂದ, ಹಿಂದಿನ ಆಕ್‌ನಲ್ಲಿ ಬರ್ಲಿಲ್ಲ ಅಂತ ಮೀಟರ್ ಹೇಳಿತ್ತಲ್ಲ, ಆ ತುಂಡುಗಳಲ್ಲಿ ಯಾವ್ದು ಇನ್ನೂ ಬಂದಿಲ್ಲ ಅಂತ ಮಾತ್ರ ಹೇಳೋ ಹಾಗೆ ಮಾಡಿದೆ, 8 ಬಾಕಿ ಇದ್ರೆ 8 ಬಿಟ್ಟು, ಒಂದೇ ಬೈಟು. ಅದರ ಮೇಲೆ ಹಫ್‌ಮನ್ ಕೋಡಿಂಗ್ (ಪದೇ ಪದೇ ಬರೋದಕ್ಕೆ ಚಿಕ್ಕ ಕೋಡ್ ಕೊಡೋ ಉಪಾಯ) ಬೇರೆ ಹಚ್ಚಿ ಎರಡು ದಿನ ಕೂತು 9 ಬೈಟಿನ ಆಕ್‌ಗಳನ್ನ 6ಕ್ಕೆ ಇಳಿಸಿದೆ. ಅಳೆದು ನೋಡಿದ್ರೆ 248 ಮಿಲಿಸೆಕೆಂಡ್ ಇದ್ದಿದ್ದು 248ಏ ಇದೆ! ಲೋರಾ ಬೈಟ್ ಲೆಕ್ಕದಲ್ಲಿ ದುಡ್ಡು ತಗೊಳ್ಳಲ್ಲ, ರಿಕ್ಷಾ ಮೀಟರ್ ಥರ ಹಂತ ಹಂತವಾಗಿ ಏರುತ್ತೆ. ನನ್ನ ಸೆಟ್ಟಿಂಗಲ್ಲಿ ಒಂದು ಹಂತ ಅಂದ್ರೆ 40 ಬಿಟ್ಟು, ಐದು ಸಿಂಬಲ್ (ರೇಡಿಯೋ ಒಂದು ಸಲಕ್ಕೆ ಕಳಿಸೋ ಸಿಗ್ನಲ್ ತುಣುಕು), 41 ಮಿಲಿಸೆಕೆಂಡ್. 5ರಿಂದ 9 ಬೈಟ್ ತನಕ ಒಂದೇ ಬೆಲೆ, 35ರಿಂದ 39ರ ತನಕ ಒಂದೇ ಬೆಲೆ. ಡೇಟಾಶೀಟಲ್ಲಿ ಆ ಫಾರ್ಮುಲಾ ಇತ್ತು, ನಾನೇ ನೂರು ಸಲ ನೋಡಿದ್ದೆ, ಒಳಗಿನ ರೌಂಡ್-ಅಪ್ ಮಾತ್ರ ಕಣ್ಣಿಗೆ ಬಿದ್ದಿರ್ಲಿಲ್ಲ.

ಅದೇ ವಾರ 17ನೇ ಮೀಟರ್ ಕೈ ಕೊಡ್ತು. ಗೇಟ್‌ವೇ ಲಾಗಲ್ಲಿ ಕಂಪ್ಲೀಟ್, ಮೀಟರ್ ಲಾಗಲ್ಲಿ ಮೂರು ಬಾಕಿ. ಪುಣ್ಯಕ್ಕೆ ಇಡೀ ಫೈಲಿನ ಸಿಆರ್‌ಸಿ ಚೆಕ್ (ಡೇಟಾ ಸರಿಯಾಗಿ ಬಂದಿದೆಯಾ ಅಂತ ನೋಡೋ ಲೆಕ್ಕ) ಇತ್ತು, ಅರ್ಧಂಬರ್ಧ ಫರ್ಮ್‌ವೇರ್ ಹತ್ತಲಿಲ್ಲ. ಆಗಿದ್ದೇನಂದ್ರೆ, ಅದರ ಎರಡನೇ ಆಕ್ ದಾರೀಲೇ ಸತ್ತಿತ್ತು. ಮೂರನೇದನ್ನ ಮೀಟರ್ ಬರೆದದ್ದು ಎರಡನೇದರ 8 ಬಾಕಿ ಲೆಕ್ಕದಲ್ಲಿ, ಗೇಟ್‌ವೇ ಓದಿದ್ದು ಮೊದಲನೇದರ 20 ಬಾಕಿ ಲೆಕ್ಕದಲ್ಲಿ. ಪ್ಯಾಕೆಟಿನ ಸಿಆರ್‌ಸಿ ಪಾಸು, ಬಿಟ್ಟುಗಳೆಲ್ಲ ಸರಿ, ಅರ್ಥ ಮಾತ್ರ ಬೇರೆ. ಇದನ್ನ ಹಿಡಿಯೋಕೆ ಒಂದು ರಾತ್ರಿ ಎರಡೂ ಲಾಗ್ ಅಕ್ಕಪಕ್ಕ ಇಟ್ಕೊಂಡು ಪೆನ್ಸಿಲಲ್ಲಿ ಟಿಕ್ ಹಾಕ್ತಾ ಕೂತೆ.

ಮದ್ದು ಹಂತದೊಳಗೆ ಖಾಲಿ ಉಳಿಯೋ ಆ ಪುಕ್ಕಟೆ ಜಾಗದಲ್ಲೇ ಸಿಕ್ತು. ಹಫ್‌ಮನ್ ಕಿತ್ತು ಬಿಸಾಕಿ ಆಕ್‌ಗೆ ಇನ್ನೆರಡು ಬೈಟ್ ಸೇರಿಸಿದೆ, ಒಂದು ಯಾವ ಸುತ್ತಿನ ಆಧಾರದ ಮೇಲೆ ಹೇಳ್ತಿದೀನಿ ಅನ್ನೋ ನಂಬರು, ಇನ್ನೊಂದು ಆ ಬಾಕಿ ಲಿಸ್ಟಿನ ಚೆಕ್‌ಸಮ್, ಎರಡೂ ಕಡೆ ಲಿಸ್ಟು ಒಂದೇನಾ ಅಂತ ನೋಡೋಕೆ. ಗೇಟ್‌ವೇ ಕೂಡ ಕೇಳೋವಾಗಲೇ ನಿನ್ನ ಇಷ್ಟನೇ ಆಕ್ ನನ್ನ ಹತ್ರ ಇದೆ ಅನ್ನುತ್ತೆ, ಹೊಂದದಿದ್ರೆ ಮೀಟರ್ ಸುಮ್ನೆ ಪೂರ್ತಿ ಲೆಕ್ಕ ಒಪ್ಪಿಸುತ್ತೆ. ಮೂರು ಬಾಕಿಯ ಲಿಸ್ಟು 6 ಇದ್ದದ್ದು 8 ಆಯ್ತು, ಪೂರ್ತಿ ಬಿಟ್‌ಮ್ಯಾಪ್ 35 ಇದ್ದದ್ದು 37, ಈ ಎರಡರ ಸಮಯ ಒಂದು ಮಿಲಿಸೆಕೆಂಡೂ ಏರಲಿಲ್ಲ.

ಒಂದು ಕಡೆ ಎಡವಿದೆ. ಎಲ್ಲಾ ಬಂತು ಅನ್ನೋ ಆಕ್ 3 ಬೈಟಿನದು, ಎರಡು ಸೇರಿಸಿದ್ರೆ 5, ಅಂದ್ರೆ ಮುಂದಿನ ಹಂತ. ಬಾಕಿ ಲಿಸ್ಟೇ ಇಲ್ದಾಗ ಅದರ ಚೆಕ್‌ಸಮ್ ಯಾಕೆ ಅಂತ ಅದನ್ನ ಬಿಟ್ಟು 4ಕ್ಕೆ ನಿಲ್ಲಿಸಿದೆ, 207 ಮಿಲಿಸೆಕೆಂಡ್. ಆಂಟೆನಾ ಇನ್ನೂ ಕಿಟಕಿ ಪಕ್ಕಾನೇ ಇದೆ, ಮೇಲೆ ಏರಿಸೋಕೆ ಸೊಸೈಟಿ ಕಮಿಟಿ ಮೀಟಿಂಗ್ ಆಗ್ಬೇಕಂತೆ. ಟ್ಯಾಂಕರ್ ಒಳಗೆ ಬರೋ ಮುಂಚೆ ಕಾಕಾ ನನಗೊಂದು ಮಿಸ್ಡ್ ಕಾಲ್ ಕೊಡ್ತಾರೆ.