ನಿಮ್ಮ ಫುಟ್‌ಬಾಲ್ ಟೀಮ್ ಊರು ಬಿಟ್ಟು ಹೋದರೆ ಏನು ಮಾಡಬೇಕು? ಕಲಬುರಗಿ, ಬೀದರ್, ಯಾದಗಿರಿ ಅಭಿಮಾನಿಗಳಿಗೆ

2025ರ ಅಕ್ಟೋಬರ್‌ನಲ್ಲಿ ನಮ್ಮ ಟೀಮ್ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಯಿತು. ಹೆಸರು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಅಂತ ಆಯಿತು. ಸುದ್ದಿ ಬಂದ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಒಂದು ಆಫ್‌ಸೈಡ್ ವಿಷಯಕ್ಕೆ ನಡುರಾತ್ರಿ ತನಕ ಜಗಳ ಆಡುವ ಹುಡುಗರು ಇವರು. ಬೆಳಿಗ್ಗೆ ಬೀದರ್‌ನ ಕಾಕಾ ಒಬ್ಬರೇ ಒಂದು ಸಾಲು ಹಾಕಿದರು: "ಇನ್ಮ್ಯಾಲೆ ಬಸ್ ಎಲ್ಲಿಗೆ ಹಿಡಿಬೇಕ್ರಿ?"

ಆಮೇಲೆ ನಾವು ಏನೇನು ಮಾಡಿದೆವು, ಏನು ಮೊದಲೇ ಮಾಡಬೇಕಿತ್ತು, ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಟೀಮಿಗೂ ಹೀಗೆ ಆಗಬಹುದು. ದೊಡ್ಡ ಲೀಗಿನ ಟೀಮೇ ಆಗಬೇಕಂತಿಲ್ಲ, ನಿಮ್ಮ ಓಣಿಯ ಕ್ಲಬ್ಬೂ ಆಗಬಹುದು.

ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಬೆಂಗಳೂರು ಎಫ್‌ಸಿ ಇರುವಾಗ ನಿಮಗೆ ಹೈದರಾಬಾದ್ ಯಾಕೆ ಅಂತ. ನಕ್ಷೆ ತೆಗೆದು ನೋಡಿ. ಕಲಬುರಗಿಯಿಂದ ಕಂಠೀರವ ಕ್ರೀಡಾಂಗಣ ಸುಮಾರು 600 ಕಿಲೋಮೀಟರ್. ಹೈದರಾಬಾದ್ ಸುಮಾರು 220. ಬೀದರ್‌ನಿಂದ ಇನ್ನೂ ಹತ್ತಿರ, 140ರ ಆಸುಪಾಸು. ದೂರದ ಮಾತು ಅಷ್ಟೇ ಅಲ್ಲ. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ಹೈದರಾಬಾದ್ ಸಿಟಿ ಪೊಲೀಸ್ ಟೀಮ್ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ಹೆಸರಾಂತ ರೋವರ್ಸ್ ಕಪ್ ಟೂರ್ನಿ ಗೆದ್ದಾಗ ನಮ್ಮ ಅಜ್ಜಂದಿರ ರಾಜಧಾನಿ ಅದೇ ಊರು. ಆ ಟೀಮಿನ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರೇ ಮುಂದೆ ಭಾರತವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೆ ಕರೆದೊಯ್ದವರು. ಅಂಥ ಊರಿಗೆ 2019ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟೀಮ್ ಬಂತು ಅಂದಾಗ ನಾವು ಬಿಡುತ್ತೇವಾ?

ಕಲಬುರಗಿಯಿಂದ ನಾವು ಮ್ಯಾಚಿಗೆ ಹೋಗುತ್ತಿದ್ದದ್ದು ರೈಲಿನಲ್ಲಿ. ಲಿಂಗಂಪಲ್ಲಿಯಲ್ಲಿ ಇಳಿದು, ಆಟೋ ಹಿಡಿದು ಗಚ್ಚಿಬೌಲಿ ಸ್ಟೇಡಿಯಂ. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಒಬ್ಬನ ಹೆಗಲಿಗೆ ಹಲಗೆ. ಸಂಜೆ ತಂಪಿಗೆ ಹಲಗೆಯ ಚರ್ಮ ಸಡಿಲಾಗಿ ಬಿಡುತ್ತದೆ, ಬಡಿದರೆ ಸೌಂಡೇ ಬರುವುದಿಲ್ಲ. ಹಾಗಾಗಿ ಚಹಾ ಅಂಗಡಿಯ ಹಿಂದೆ ಹಳೇ ಪೇಪರ್ ಸುಟ್ಟು, ಆ ಬೆಂಕಿಯ ಮೇಲೆ ಹಲಗೆ ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದೆವು. ನಡುನಡುವೆ ಬೆರಳಲ್ಲಿ ತಟ್ಟಿ ನೋಡುವುದು. ಟಣ್ ಅಂದರೆ ಆಯ್ತು. ಚಹಾ ಅಂಗಡಿಯವರು ನಮ್ಮ ಮುಖ ನೋಡಿದ ಕೂಡಲೇ ಪೇಪರ್ ರದ್ದಿ ತೆಗೆದು ಕೊಡುತ್ತಿದ್ದರು. ಟೀಮ್ ದೆಹಲಿಗೆ ಹೋದಾಗ ಪೇಪರಿನಲ್ಲಿ ಮಾಲೀಕರ ಬಗ್ಗೆ ಬಂತು, ಲೀಗ್ ಬಗ್ಗೆ ಬಂತು. ಅಭಿಮಾನಿ ಕಳೆದುಕೊಂಡದ್ದು ಈ ಪ್ರಯಾಣವನ್ನು, ಈ ಬೆಂಕಿಯನ್ನು, ಹೆಸರು ಗೊತ್ತಿಲ್ಲದ ಆ ಚಹಾ ಅಂಗಡಿಯವರನ್ನು. ಅದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಲಕ್ಷಣ ಮೊದಲೇ ಕಾಣುತ್ತದೆ, ಕಣ್ಣು ಮುಚ್ಚಬೇಡಿ

ಟೀಮ್ ಒಂದೇ ರಾತ್ರಿಯಲ್ಲಿ ಹೋಗುವುದಿಲ್ಲ. ನಮ್ಮದೇ ನೋಡಿ. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಹೈದರಾಬಾದ್ ಐಎಸ್‌ಎಲ್ ಕಪ್ ಗೆದ್ದಿತು. ಕೇರಳ ಬ್ಲಾಸ್ಟರ್ಸ್ ಜೊತೆ 1-1 ಸಮ ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ 3-1. ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಪೆನಾಲ್ಟಿ ತಡೆದರು. ಅವರು ಗೋವಾದವರು, ಆದರೆ ಆ ಹೆಸರು ಕೇಳಿದರೆ ನಮಗೆ ಪಕ್ಕದ ಓಣಿಯವರ ಥರಾನೇ. ಕೋವಿಡ್ ಕಾರಣ ಆ ಸೀಸನ್ ಪೂರ್ತಿ ಗೋವಾದಲ್ಲೇ ನಡೆದಿತ್ತು, ಚಾಂಪಿಯನ್ ಆದ ಟೀಮನ್ನು ಆ ವರ್ಷ ನಾವು ಸ್ವಂತ ಮೈದಾನದಲ್ಲಿ ಒಂದು ಸಲವೂ ನೋಡಲಿಲ್ಲ. ಮುಂದಿನ ವರ್ಷ ಲೀಗಿನಲ್ಲಿ ಎರಡನೇ ಸ್ಥಾನ. ಅದರ ಮುಂದಿನ ವರ್ಷ, 2023-24ರಲ್ಲಿ, ಇಡೀ ಸೀಸನ್‌ಗೆ ಒಂದೇ ಒಂದು ಗೆಲುವು, ಕೊನೆಯ ಸ್ಥಾನ. ಆಟಗಾರರು ಒಮ್ಮೆಲೇ ಆಟ ಮರೆತರಾ? ಇಲ್ಲ. ಸಂಬಳ ಬಾಕಿ ಬಿತ್ತು, ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೋದರು, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ನಿಷೇಧ ಹಾಕಿತು, ಹುಡುಗರೇ ಕಣಕ್ಕೆ ಇಳಿಯಬೇಕಾಯಿತು. 2024ರಲ್ಲಿ ಮಾಲೀಕರು ಬದಲಾದರು. 2025ರಲ್ಲಿ ಊರೇ ಬದಲಾಯಿತು.

ಹಾಗಾಗಿ ಅಂಕಪಟ್ಟಿ ಒಂದನ್ನೇ ನೋಡಬೇಡಿ. ಸಂಬಳದ ಸುದ್ದಿ ಮೊದಲು ನೋಡಿ. ಸೀಸನ್ ನಡುವೆ ಒಳ್ಳೆಯ ಆಟಗಾರ ಸುಮ್ಮನೆ ಒಪ್ಪಂದ ಮುರಿದುಕೊಂಡು ಹೋದ ಅಂದರೆ ಎಲ್ಲೋ ಏನೋ ಸರಿ ಇಲ್ಲ. ಟಿಕೆಟ್ ಮಾರಾಟ ಮ್ಯಾಚಿನ ಹಿಂದಿನ ದಿನ ಶುರುವಾಗುತ್ತದೆ, ಹೊಸ ಜೆರ್ಸಿ ಬರುವುದೇ ಇಲ್ಲ, ಕ್ಲಬ್ಬಿನ ಪೇಜಿನಲ್ಲಿ ಅಭಿಮಾನಿಗಳ ಪ್ರಶ್ನೆಗೆ ಉತ್ತರ ನಿಂತುಹೋಗುತ್ತದೆ. ಇಂಥವು ಎರಡು ಮೂರು ಒಟ್ಟಿಗೆ ಕಂಡರೆ ಗ್ರೂಪಿನಲ್ಲಿ ಮಾತಾಡಿ.

ಗಾಳಿಮಾತು ನಂಬಬೇಡಿ, ಕಾಗದ ನೋಡಿ. ಇದು ಅಂದುಕೊಂಡಷ್ಟು ಕಷ್ಟ ಇಲ್ಲ. ನಿಷೇಧ ಇರುವ ಕ್ಲಬ್‌ಗಳ ಪಟ್ಟಿಯನ್ನು ಫಿಫಾ ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ಲೀಗಿನಲ್ಲಿ ಆಡಲು ಬೇಕಾದ ಲೈಸೆನ್ಸ್ ಯಾವ ಕ್ಲಬ್ಬಿಗೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಅನ್ನುವುದೂ ಸುದ್ದಿಯಾಗುತ್ತದೆ. ನಮ್ಮಲ್ಲಿ ಕ್ಲಬ್‌ಗಳ ಹಿಂದೆ ಇರುವುದು ಪ್ರೈವೇಟ್ ಲಿಮಿಟೆಡ್ ಕಂಪನಿಗಳು. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ 100 ರೂಪಾಯಿ ಕಟ್ಟಿದರೆ ಆ ಕಂಪನಿಯ ಆದಾಯ, ಸಾಲ, ಡೈರೆಕ್ಟರ್‌ಗಳ ಬದಲಾವಣೆ ಎಲ್ಲಾ ಕಾಣುತ್ತದೆ. ಗ್ರೂಪಿನಲ್ಲಿ ಬಿಕಾಂ ಓದಿದ ಹುಡುಗ ಇದ್ದೇ ಇರುತ್ತಾನೆ, ಅವನನ್ನು ಕೂರಿಸಿ ಓದಿಸಿ. ವರ್ಷದ ಲೆಕ್ಕವನ್ನೇ ಸಲ್ಲಿಸಿಲ್ಲ ಅಂದರೆ ಅದೂ ಒಂದು ಲಕ್ಷಣ. ನಾವು ಇದನ್ನೆಲ್ಲ ಮಾಡಿದ್ದು ಟೀಮ್ ಹೋದ ಮೇಲೆ. ಅದಕ್ಕೇ ನಿಮಗೆ ಮೊದಲೇ ಹೇಳುತ್ತಿದ್ದೇನೆ.

ಸುದ್ದಿ ಹಬ್ಬಿದ ವಾರ

ಆ ವಾರ ಎಲ್ಲರಿಗೂ ಸಿಟ್ಟು ಇರುತ್ತದೆ. ಆ ಸಿಟ್ಟಿನಲ್ಲಿ ಆಟಗಾರರಿಗೆ ಬೈಯಬೇಡಿ, ಅವರಿಗೂ ಸಂಬಳ ಬಂದಿರುವುದಿಲ್ಲ. ಹೊಸ ಊರಿನ ಅಭಿಮಾನಿಗಳಿಗಂತೂ ಬೈಯಲೇಬೇಡಿ. ಯಾಕೆ ಅಂದರೆ, 2019ರಲ್ಲಿ ಹೈದರಾಬಾದಿಗೆ ಟೀಮ್ ಬಂದದ್ದೇ ಪುಣೆ ಸಿಟಿ ಕ್ಲಬ್ ಮುಚ್ಚಿದ ಜಾಗಕ್ಕೆ. ಅದೇ ವರ್ಷ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅಂದರೆ ಈಗ ನಮ್ಮ ಟೀಮ್ ಸಿಕ್ಕಿರುವ ದೆಹಲಿಯ ಹುಡುಗರು 2019ರಲ್ಲಿ ನಮ್ಮ ಹಾಗೇ ಕೂತಿದ್ದರು. ನಾವು ಮೊದಲ ಜೆರ್ಸಿ ಹಾಕಿಕೊಂಡು ಕುಣಿದ ದಿನ ಪುಣೆಯಲ್ಲಿ ಯಾರೋ ಜೆರ್ಸಿ ಮಡಚಿ ಒಳಗಿಟ್ಟಿದ್ದರು. ಇದು ನನಗೆ ಆಗ ಹೊಳೆದಿರಲಿಲ್ಲ. ಈಗ ನೆನೆದರೆ ಬೇಜಾರಾಗುತ್ತದೆ.

ಸಿಟ್ಟಿನ ಬದಲು ಪ್ರಶ್ನೆ ಕಳಿಸಿ. ಒಬ್ಬೊಬ್ಬರಾಗಿ ಅಲ್ಲ, ಎಲ್ಲರ ಸಹಿ ಹಾಕಿ ಒಂದೇ ಪತ್ರ. ಮುಂದಿನ ಸೀಸನ್‌ಗೆ ಮೈದಾನದ ಒಪ್ಪಂದ ಎಷ್ಟು ವರ್ಷಕ್ಕೆ ಆಗಿದೆ? ಸಂಬಳ ಯಾವ ತಿಂಗಳ ತನಕ ಕೊಟ್ಟಿದ್ದೀರಿ? ಊರು ಬಿಡುವ ಮಾತು ನಡೆದಿದೆಯಾ, ಇಲ್ಲವಾ? ಟಿಕೆಟ್, ಪಾಸ್ ದುಡ್ಡು ಹೇಗೆ ವಾಪಸ್ ಕೊಡುತ್ತೀರಿ? ಇಷ್ಟು ಸಾಕು, ಉದ್ದ ಬರೆದರೆ ಯಾರೂ ಓದುವುದಿಲ್ಲ. ಇಮೇಲ್ ಮಾಡಿ, ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಜೋಪಾನ ಇಡಿ. ಉತ್ತರ ಬರದಿದ್ದರೆ ಆ ಪತ್ರವನ್ನೇ ಪತ್ರಿಕೆಯವರಿಗೆ ಕೊಡಿ.

ಇದರಿಂದ ಟೀಮ್ ಉಳಿಯುತ್ತದಾ? ಕೆಲವು ಕಡೆ ಉಳಿದಿದೆ. ಅಮೆರಿಕದ ಕೊಲಂಬಸ್ ಕ್ರೂ ಟೀಮನ್ನು ಆಸ್ಟಿನ್‌ಗೆ ಒಯ್ಯುತ್ತೇನೆ ಅಂತ 2017ರಲ್ಲಿ ಮಾಲೀಕ ಹೊರಟ. ಅಭಿಮಾನಿಗಳು ಬಿಡಲಿಲ್ಲ. ಅವರಿಗೆ ಒಂದು ಬಲ ಇತ್ತು: ಸರ್ಕಾರದ ನೆರವು ಪಡೆದ ಟೀಮ್ ಊರು ಬಿಡುವ ಮೊದಲು ಆರು ತಿಂಗಳ ನೋಟಿಸ್ ಕೊಡಬೇಕು, ಊರಿನವರಿಗೆ ಕೊಳ್ಳುವ ಅವಕಾಶ ಕೊಡಬೇಕು ಅನ್ನುವ ಕಾನೂನು ಒಹಾಯೊ ರಾಜ್ಯದಲ್ಲಿ 1996ರಿಂದಲೇ ಇತ್ತು. ಕೊನೆಗೆ ಹೊಸ ಮಾಲೀಕರು ಬಂದರು, ಟೀಮ್ ಅಲ್ಲೇ ಉಳಿಯಿತು, 2020ರಲ್ಲಿ ಕಪ್ಪೂ ಗೆದ್ದಿತು. ಜರ್ಮನಿಯಲ್ಲಿ ಹೆಚ್ಚಿನ ಕ್ಲಬ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರದ್ದೇ. ಇಂಗ್ಲೆಂಡಿನಲ್ಲಿ 2025ರಲ್ಲಿ ಕಾನೂನು ಬಂತು, ಇನ್ನು ಅಲ್ಲಿ ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಇಲ್ಲದೆ ಮೈದಾನ ಬದಲಿಸುವ ಹಾಗಿಲ್ಲ. ನಮ್ಮಲ್ಲಿ ಇಂಥದ್ದು ಯಾವುದೂ ಇಲ್ಲ. ಆಗಬೇಕು ಅಂತ ಕೇಳುವವರು ನಾವೇ ಆಗಬೇಕು, ನಿಮ್ಮ ಶಾಸಕರು, ಸಂಸದರು ಊರ ಮೈದಾನಕ್ಕೆ ಪ್ರಶಸ್ತಿ ಕೊಡಲು ಬಂದಾಗ ಈ ಮಾತು ಎತ್ತಿ.

ದುಡ್ಡಿನ ವಿಷಯ

ನಾಚಿಕೆ ಪಡಬೇಡಿ, ಕೇಳಿ. ನಾನು ಒಂದು ಆನ್‌ಲೈನ್ ಅಂಗಡಿಯಿಂದ ಮಗನಿಗೆ ಹಳದಿ ಜೆರ್ಸಿ ತರಿಸಿದ್ದೆ. ದುಡ್ಡು ಹೋಯಿತು, ಜೆರ್ಸಿ ಬರಲಿಲ್ಲ. ಎರಡು ತಿಂಗಳು ಮೆಸೇಜ್ ಮಾಡಿ ಸುಮ್ಮನಾದೆ. ಆಮೇಲೆ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಾದ ಮೇಲೆ ಅಂಗಡಿಯವರು ದುಡ್ಡು ವಾಪಸ್ ಹಾಕಿದರು. ಮಾತಿಗೆ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾನೂನು ಬಂದಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ. 5 ಲಕ್ಷದ ತನಕ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಟಿಕೆಟ್, ಪೇಮೆಂಟ್ ಆದ ಸ್ಕ್ರೀನ್‌ಶಾಟ್ ಯಾವತ್ತೂ ಅಳಿಸಬೇಡಿ.

ಇನ್ನೊಂದು ದುಡ್ಡು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬ್ಯಾನರಿಗೆ, ಪ್ರಯಾಣಕ್ಕೆ ಅಂತ ಗ್ರೂಪಿನವರು ಕೂಡಿಸಿದ ದುಡ್ಡು. ಟೀಮ್ ಹೋದ ವಾರದಲ್ಲೇ ಅದರ ಲೆಕ್ಕ ಗ್ರೂಪಿನಲ್ಲಿ ಹಾಕಿ. ಎಷ್ಟು ಬಂತು, ಎಷ್ಟು ಖರ್ಚು, ಎಷ್ಟು ಉಳಿದಿದೆ. ಅಭಿಮಾನಿ ಗುಂಪುಗಳು ಮುರಿಯುವುದು ಟೀಮಿನ ದುಃಖಕ್ಕಲ್ಲ, ಇಂಥ ಐದು ಸಾವಿರ ರೂಪಾಯಿ ಲೆಕ್ಕಕ್ಕೆ. ಮಾಲೀಕರು ಲೆಕ್ಕ ಕೊಡಲಿಲ್ಲ ಅಂತ ಕೇಳುವವರು ನಾವು, ನಮ್ಮ ಲೆಕ್ಕ ಸರಿ ಇರಬೇಕಲ್ವಾ?

ಇನ್ನು ಯಾರ ಕಡೆ?

ಮಗ ಇದನ್ನೇ ಕೇಳಿದ. "ಅಪ್ಪಾ, ಈಗ ನಾವು ಯಾರ ಕಡಿ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಅದನ್ನೇ ಹೇಳಿದೆ. ಮಕ್ಕಳಿಗೆ ಸುಮ್ನೆ ಏನೋ ಸಮಾಧಾನ ಹೇಳಬೇಡಿ. ಟೀಮ್ ಹೋಯ್ತು, ನನಗೂ ಬೇಜಾರಾಗಿದೆ ಅಂತ ಹೇಳಿ. "ಬರೀ ಆಟ ಅಲ್ವಾ, ಬಿಡ್ರಿ" ಅನ್ನುವವರ ಜೊತೆ ವಾದಕ್ಕೆ ಇಳಿಯಬೇಡಿ, ಅದರಿಂದ ಏನೂ ಉಪಯೋಗ ಇಲ್ಲ.

ಗ್ರೂಪಿನಲ್ಲಿ ಕೆಲವರು ದೆಹಲಿ ಟೀಮನ್ನೇ ಬೆಂಬಲಿಸುತ್ತಾರೆ, ಆಟಗಾರರ ಮೇಲಿನ ಪ್ರೀತಿಗೆ. ಕೆಲವರು ಬೆಂಗಳೂರಿನ ಕಡೆ ಹೋಗುತ್ತಾರೆ. ಕೆಲವರು ಐಎಸ್‌ಎಲ್ ನೋಡುವುದನ್ನೇ ಬಿಡುತ್ತಾರೆ. ಯಾರನ್ನೂ ದ್ರೋಹಿ ಅನ್ನಬೇಡಿ. ನಮ್ಮಲ್ಲಿ ಈ ಜಗಳಕ್ಕೆ ಇಬ್ಬರು ಗ್ರೂಪ್ ಬಿಟ್ಟರು, ಮನೆಗೆ ಹೋಗಿ ಚಹಾ ಕುಡಿದು ಮಾತಾಡಿ ವಾಪಸ್ ಕರೆತಂದೆವು. ಟೀಮ್ ಮಾಲೀಕರ ಕಾಗದದಲ್ಲಿತ್ತು, ಹೋಯಿತು. ಗುಂಪು ಯಾರ ಕಾಗದದಲ್ಲೂ ಇಲ್ಲ. ಅದನ್ನು ಕಳೆದುಕೊಂಡರೆ ಅದು ನಮ್ಮ ಕೈಯಿಂದಲೇ ಆದ ತಪ್ಪು.

ಲಂಡನ್ನಿನ ವಿಂಬಲ್ಡನ್‌ನವರನ್ನು ನೋಡಿ. 1988ರಲ್ಲಿ ಲಿವರ್‌ಪೂಲ್ ಸೋಲಿಸಿ ಎಫ್‌ಎ ಕಪ್ ಗೆದ್ದ ಟೀಮ್ ಅದು. 2002ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಮೂವರ ಸಮಿತಿ ಅದನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ಕೆಲವೇ ವಾರಗಳಲ್ಲಿ ಹೊಸ ಕ್ಲಬ್ ಕಟ್ಟಿ, ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ, ಒಂಬತ್ತನೇ ದರ್ಜೆಯ ಲೀಗಿನಿಂದ ಶುರು ಮಾಡಿದರು. 2011ರಲ್ಲಿ ವೃತ್ತಿಪರ ಲೀಗಿಗೆ ಬಂದರು. 2020ರ ನವೆಂಬರ್‌ನಲ್ಲಿ ಪ್ಲೌ ಲೇನ್‌ನಲ್ಲಿ ತಮ್ಮದೇ ಮೈದಾನಕ್ಕೆ ಮರಳಿದರು. ದಕ್ಷಿಣ ಕೊರಿಯಾದ ಅನ್ಯಾಂಗ್ ಊರಿನ ಟೀಮ್ 2004ರಲ್ಲಿ ಸಿಯೋಲ್‌ಗೆ ಹೋಯಿತು, ಅಲ್ಲಿನವರು ಹೊಸ ಕ್ಲಬ್ ನೋಡಲು 2013ರ ತನಕ ಕಾದರು.

ನಮ್ಮದು ಅಷ್ಟು ದೊಡ್ಡದಲ್ಲ. ಭಾನುವಾರ ಬೆಳಿಗ್ಗೆ ಏಳು ಏಳು ಜನ ಸೇರಿ ಆಡುತ್ತೇವೆ. ನೀವೂ ಶುರು ಮಾಡುವುದಾದರೆ ಅರ್ಧ ಮೈದಾನ ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆರಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿ. ದೊಡ್ಡವರಿಗೆ 5ನೇ ಸೈಜಿನ ಚೆಂಡು, 12ರೊಳಗಿನ ಮಕ್ಕಳಿಗೆ 4ನೇ ಸೈಜು, ದೊಡ್ಡ ಚೆಂಡು ಕೊಟ್ಟು ಮಕ್ಕಳ ಕಾಲು ನೋಯಿಸಬೇಡಿ. ಆರು ತಿಂಗಳು ತಪ್ಪದೆ ನಡೆದರೆ ಆಗ ಸಂಘ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸದಸ್ಯರು ಇದ್ದರೆ ಆಯಿತು, ಅರ್ಜಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ. ಬೈಲಾದಲ್ಲಿ ಎರಡು ಸಾಲು ಮರೆಯದೆ ಬರೆಯಿಸಿ: ಒಬ್ಬ ಸದಸ್ಯನಿಗೆ ಒಂದೇ ಮತ, ಮತ್ತು ಟೀಮಿನ ಹೆಸರು, ಬಣ್ಣ, ಊರು ಬದಲಿಸಬೇಕಾದರೆ ಮುಕ್ಕಾಲು ಪಾಲು ಸದಸ್ಯರು ಕೂತು ಒಪ್ಪಬೇಕು.

ಬೀದರ್‌ನ ಕಾಕಾ ಈಗ ತಿಂಗಳಿಗೊಮ್ಮೆ ಕಲಬುರಗಿಗೆ ರೈಲು ಹಿಡಿದು ಬರುತ್ತಾರೆ. ಹಿಂದಿನ ದಿನ ಬಂದು ನಮ್ಮನೇಲೆ ಉಳಿಯುತ್ತಾರೆ. ಹೋದ ಸಲ ಹಲಗೆ ಕಾಯಿಸಲು ರದ್ದಿ ಪೇಪರ್ ಅವರೇ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು.