ಗುಡ್ಡದ ತೋಟದಲ್ಲಿ ಸೋರುವ ಪೈಪನ್ನು ಗೇಜ್ ಇಟ್ಟು ಹುಡುಕಿದ್ದು

ಗುಡ್ಡದಲ್ಲಿ ಮೆಟ್ಟಿಲಿನಂತೆ ಕಡಿದ ಮೇಲಿನ ತಟ್ಟುಗಳಲ್ಲಿ ಸ್ಪ್ರಿಂಕ್ಲರ್ ತಿರುಗುವುದು ನಿಧಾನವಾಗಿದೆ, ನೀರು ಅಡಿಕೆ ಮರದ ಬುಡ ಮುಟ್ಟದೆ ನಡುವಲ್ಲೇ ಬೀಳುತ್ತಿದೆ ಎಂದರೆ ನಮ್ಮ ಪುತ್ತೂರು–ಸುಳ್ಯ ಕಡೆ ಸಿಗುವ ಸಲಹೆ ಎರಡೇ. ‘ಕೆರೆಯಲ್ಲಿ ನೀರು ಇಳಿದಿದೆ’ ಎನ್ನುವುದು ಒಂದು, ‘ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿದೆ, ಪಂಪ್ ಬಿಚ್ಚಿಸಿ’ ಎನ್ನುವುದು ಇನ್ನೊಂದು. ಕಳೆದ ಬೇಸಗೆಯಲ್ಲಿ ನನಗೆ ಎರಡೂ ಸಿಕ್ಕವು. ಪೈಪ್ ಸೋರುತ್ತಿರಬಹುದು ಅಂತ ಯಾರೂ ಹೇಳಲಿಲ್ಲ, ಯಾಕೆಂದರೆ ತೋಟದಲ್ಲಿ ಎಲ್ಲೂ ನೀರು ಉಕ್ಕುತ್ತಿರಲಿಲ್ಲ.

ಮುರಕಲ್ಲಿನ ಗುಡ್ಡದಲ್ಲಿ ನೀರು ಉಕ್ಕುವುದೂ ಇಲ್ಲ. ಎರಡಡಿ ಆಳದಲ್ಲಿ ಪೈಪ್ ಸೀಳಿದರೆ ನೀರು ಕಲ್ಲಿನ ಸಂದುಗಳಲ್ಲಿ ಇಳಿದು ಎಲ್ಲೋ ಕೆಳಗಿನ ಕಣಿ ಸೇರುತ್ತದೆ. ಬಿರುಬೇಸಗೆಯಲ್ಲೂ ಕೆಸು, ಒಂದೆಲಗ ಹಚ್ಚಗೆ ಹಬ್ಬಿರುವ ಜಾಗ ಕಂಡರೆ ಅಲ್ಲೇ ಅಗೆಯುವುದು ರೂಢಿ. ಇಳಿಜಾರಿನಲ್ಲಿ ಅದನ್ನು ನಂಬಿದರೆ ಗುದ್ದಲಿ ಕೆಲಸ ದಂಡ. ಇನ್ನು ಮನೆಯ ನಳ್ಳಿಯಂತೆ ಬಿಲ್ಲಿನಲ್ಲಾದರೂ ಗೊತ್ತಾಗುತ್ತದೆಯೇ ಎಂದರೆ, 10 ಎಚ್‌ಪಿ ವರೆಗಿನ ಕೃಷಿ ಪಂಪಿಗೆ ವಿದ್ಯುತ್ ಉಚಿತ. ನಷ್ಟವಾಗುವುದು ನೀರು ಮತ್ತು ತ್ರೀ ಫೇಸ್ ಕರೆಂಟ್ ಇರುವ ಹೊತ್ತು. 2 ಕೆಜಿ (ಚದರ ಸೆಂ.ಮೀ.ಗೆ) ಒತ್ತಡದಲ್ಲಿ 3 ಮಿ.ಮೀ. ತೂತು ಗಂಟೆಗೆ ಸುಮಾರು 300 ಲೀಟರ್ ಕಕ್ಕುತ್ತದೆ. ತೂತಿನ ಅಡ್ಡಳತೆ ಇಮ್ಮಡಿಯಾದರೆ ನೀರು ನಾಲ್ಕು ಪಟ್ಟು.

ನಮ್ಮದು ಕೆರೆಯ ಬದಿಯಲ್ಲಿ 5 ಎಚ್‌ಪಿ ಮೊನೊಬ್ಲಾಕ್ ಪಂಪ್. ಅಲ್ಲಿಂದ 75 ಮಿ.ಮೀ. ಪಿವಿಸಿ ಮುಖ್ಯ ಲೈನ್ ತಟ್ಟುಗಳನ್ನು ಹತ್ತಿ ಹೋಗುತ್ತದೆ, ತುದಿ ಪಂಪಿಗಿಂತ ಸುಮಾರು 25 ಮೀಟರ್ ಮೇಲಿದೆ. 10 ಮೀಟರ್ ಎತ್ತರದ ನೀರು ಸುಮಾರು 1 ಕೆಜಿ ಒತ್ತಡ. ಈ ಒಂದು ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಪ್ರೆಶರ್ ಗೇಜ್ ದುಬಾರಿ ಸಾಮಾನೇನಲ್ಲ, ಆದರೆ ಕೂರಿಸುವ ಜಾಗ ಮುಖ್ಯ: ಪಂಪಿನ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಮತ್ತು ಗೇಟ್ ವಾಲ್ವ್ ನಡುವೆ ಇರಬೇಕು. ಹಾಗಿದ್ದರೆ ಒಂದೇ ಗೇಜ್ ಪಂಪಿನ ಆರೋಗ್ಯವನ್ನೂ ಹೇಳುತ್ತದೆ, ಲೈನಿನದ್ದನ್ನೂ ಹೇಳುತ್ತದೆ.

ಪಂಪ್ ಹೊಸದಾಗಿ ಕೂರಿಸಿದಾಗ ಎರಡು ಅಂಕಿಗಳನ್ನು ಶೆಡ್ಡಿನ ಗೋಡೆಯಲ್ಲಿ ಬರೆದಿಟ್ಟಿದ್ದೆ. ಮೇಲಿನ ಬ್ಲಾಕ್ (ಒಂದೇ ವಾಲ್ವಿಗೆ ಸೇರಿದ ಸ್ಪ್ರಿಂಕ್ಲರುಗಳ ಗುಂಪು) ಓಡುವಾಗಿನ ಒತ್ತಡ 4.6 ಕೆಜಿ, ಗೇಟ್ ವಾಲ್ವ್ ಪೂರ್ತಿ ಮುಚ್ಚಿದಾಗ ಸುಮಾರು 6. ಈಗ ಅದೇ ಬ್ಲಾಕ್ ಓಡುವಾಗ ಮುಳ್ಳು 4.1ರಲ್ಲಿತ್ತು. ಅಳೆಯುವ ಮೊದಲು ಸ್ಪ್ರಿಂಕ್ಲರಿನ ಜೆಟ್‌ಗಳನ್ನು ಒಮ್ಮೆ ಬಿಚ್ಚಿ ನೋಡಬೇಕು. ಮಳೆಗಾಲದಲ್ಲಿ ಕುಂಬಾರ ಹುಳ ನಾಝಲ್ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಜೆಟ್ ಕಟ್ಟಿಕೊಂಡಿದ್ದರೆ ಒತ್ತಡ ಸುಳ್ಳೇ ಏರಿ, ಸೋರಿಕೆ ಮುಚ್ಚಿಹೋಗುತ್ತದೆ.

ಗೇಟ್ ವಾಲ್ವ್ ಮುಚ್ಚಿದೆ. ಮುಳ್ಳು ಹಿಂದಿನಂತೆ 6ರ ಬಳಿ ಹೋಗಿ ನಿಂತಿತು. ಇಂಪೆಲ್ಲರ್ ಸವೆದಿದ್ದರೆ ಅಷ್ಟಕ್ಕೆ ಏರುತ್ತಿರಲಿಲ್ಲ. ಮುಳ್ಳು ನಡುಗದೆ ನಿಂತದ್ದರಿಂದ ಸಕ್ಷನ್ನಿನಲ್ಲಿ (ಕೆರೆಯಿಂದ ನೀರು ಎಳೆಯುವ ಪೈಪಿನಲ್ಲಿ) ಗಾಳಿ ಎಳೆಯುತ್ತಿಲ್ಲ ಎಂಬುದೂ ಖಚಿತವಾಯಿತು. ಈ ಪರೀಕ್ಷೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಪಂಪಿನ ಒಳಗಿನ ನೀರು ಬಿಸಿಯಾಗುತ್ತದೆ. 6 ಕೆಜಿ ಒತ್ತಡವಷ್ಟೇ ತಾಳುವ ಹಳೆ ಪೈಪ್ ಇರುವ ಲೈನನ್ನು ಮುಚ್ಚಿಟ್ಟು ಆಟೋ ಸ್ಟಾರ್ಟರ್ ಹಾಕಿ ಮಲಗುವವರಿದ್ದಾರೆ. ರಾತ್ರಿ ಕರೆಂಟ್ ಬಂದಾಗ ಪೈಪ್ ಹಾರುವುದು ಅವರ ತೋಟಗಳಲ್ಲೇ.

ಪಂಪ್ ಸರಿಯಿದೆ, ಲೈನ್ ಸೋರುತ್ತಿದೆ. ಎಲ್ಲಿ? ಗೇಟ್ ವಾಲ್ವ್ ಮತ್ತೆ ತೆರೆದು, ಬ್ಲಾಕುಗಳ ವಾಲ್ವ್ ಎಲ್ಲ ಮುಚ್ಚಿ, ಮುಖ್ಯ ಲೈನಿನಲ್ಲಿ ಮಾತ್ರ ನೀರು ತುಂಬಿಸಿ ಪಂಪ್ ನಿಲ್ಲಿಸಿದೆ. ಗುಡ್ಡದ ತುದಿಯಲ್ಲಿ ಎಂಡ್ ಕ್ಯಾಪ್ ಬಿಚ್ಚಿ ಗಾಳಿಗೆ ದಾರಿ ಬಿಟ್ಟೆ. ಇದನ್ನು ಮರೆತರೆ ಪೈಪಿನೊಳಗೆ ನಿರ್ವಾತ ಆಗಿ ನೀರು ಸರಿಯಾಗಿ ಇಳಿಯುವುದಿಲ್ಲ, ಪರೀಕ್ಷೆ ಕೆಡುತ್ತದೆ. ಲೈನ್ ಗಟ್ಟಿಯಿದ್ದರೆ ಮುಳ್ಳು 2.5ರಲ್ಲಿ ನಿಲ್ಲಬೇಕು, ಅದು 25 ಮೀಟರ್ ನೀರಿನ ಭಾರ. ಎನ್‌ಆರ್‌ವಿಯೇ ಸೋರುತ್ತಿದ್ದರೆ ನೀರೆಲ್ಲ ಕೆರೆಗೆ ಮರಳಿ ಮುಳ್ಳು ಸೊನ್ನೆಗೆ ಬರಬೇಕು. ನಡುವೆ ಎಲ್ಲೋ ತೂತಿದ್ದರೆ ನೀರು ತೂತಿನ ಮಟ್ಟದವರೆಗೆ ಮಾತ್ರ ಇಳಿಯುತ್ತದೆ, ಮುಳ್ಳೂ ಅಲ್ಲಿಗೆ ನಿಲ್ಲುತ್ತದೆ.

ನಿಂತದ್ದು 1.4ರಲ್ಲಿ. ಮೊದಲು ಬೇಗ ಇಳಿಯಿತು, ಕೊನೆಗೆ ತೀರಾ ನಿಧಾನ. ತೂತಿನ ಮೇಲೆ ನಿಂತ ನೀರು ಕಡಿಮೆಯಾದಂತೆ ಹರಿವೂ ಸೊರಗುತ್ತದೆ, ಹಾಗಾಗಿ ಎಲೆಯಡಿಕೆ ಹಾಕಿ ಕೂತು ಕಾಯುವಷ್ಟು ತಾಳ್ಮೆ ಬೇಕು.

ಎಂದರೆ ತೂತು ಗೇಜಿಗಿಂತ 14 ಮೀಟರ್ ಮೇಲಿದೆ. ಗೇಜಿನಲ್ಲಿ ಒಂದು ಸಣ್ಣ ಗೆರೆ ತಪ್ಪಿ ಓದಿದರೂ ಒಂದೆರಡು ಮೀಟರ್ ಆಚೀಚೆ, ಅಷ್ಟೇ. ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ತಟ್ಟಿನಿಂದ ತಟ್ಟಿಗೆ ಏರುತ್ತಾ ಎತ್ತರ ಕೂಡಿಸಿದೆವು. 14 ಮೀಟರ್ ಬಂದದ್ದು ಪಿಕಪ್ ಗಾಡಿ ಗೊಬ್ಬರ ತರುವ ದಾರಿಯನ್ನು ಲೈನ್ ದಾಟುವ ಜಾಗಕ್ಕೆ. ಕೆಸು ಸೊಂಪಾಗಿ ಬೆಳೆದಿದ್ದ ಜಾಗ ಅಲ್ಲಿಂದ ಎರಡು ತಟ್ಟು ಕೆಳಗೆ, ಬದಿಗೆ ಬೇರೆ. ‘ಅಣ್ಣ, ಇಲ್ಲಿ ಒಣ ಮಣ್ಣೇ ಉಂಟಲ್ಲ’ ಅಂತ ಅಗೆಯುವವನಿಗೆ ಅನುಮಾನ. ಪೈಪಿನ ಬೆನ್ನು ಕಾಣುವವರೆಗೂ ಮಣ್ಣು ಒಣಗಿಯೇ ಇತ್ತು. ಹೊಟ್ಟೆಯ ಕೆಳಗೆ ಕೈ ಹಾಕಿದರೆ ಕೆಸರು.

ಸೀಳಿದ್ದು ಕಾಯಿಸಿ ಮಾಡಿದ ಜೋಡಣೆ. ಒಣ ಸೋಗೆಗೆ ಬೆಂಕಿ ಹಾಕಿ ಪೈಪಿನ ಬಾಯಿ ಮೆದುಮಾಡಿ, ಇನ್ನೊಂದು ಪೈಪನ್ನು ಅದರೊಳಗೆ ತಳ್ಳುವ ಪದ್ಧತಿ ಎಲ್ಲ ತೋಟಗಳಲ್ಲೂ ಇದೆ. ಬೆಂಕಿ ಒಂದು ಕಡೆ ಹೆಚ್ಚು ತಾಗಿದರೆ ಅಲ್ಲಿ ಪೈಪಿನ ಗೋಡೆ ತೆಳುವಾಗುತ್ತದೆ. ಮೇಲಿಂದ ಗಾಡಿಯ ಭಾರ, ಒಳಗಿಂದ ಕರೆಂಟ್ ಹೋದಾಗಲೆಲ್ಲ ಹಿಂದೆ ಬಡಿಯುವ ನೀರು. ಸೀಳು ಅರ್ಧ ಸುತ್ತು ಹೋಗಿತ್ತು. ಒತ್ತಡ ಕಡಿಮೆಯಿರುವ ಕಡೆ ಈ ಜೋಡಣೆ ಬಾಳುತ್ತದೆ. ಮುಖ್ಯ ಲೈನಿನಲ್ಲಿ, ಅದೂ ದಾರಿಯ ಅಡಿಯಲ್ಲಿ, ಕಪ್ಲರಿನ (ಎರಡು ಪೈಪ್ ಸೇರಿಸುವ ತುಂಡಿನ) ದುಡ್ಡು ಉಳಿಸುವುದು ನನಗೆ ಸರಿ ಕಾಣುವುದಿಲ್ಲ. ಸೈಕಲ್ ಟ್ಯೂಬ್ ಬಿಗಿದು ಸುತ್ತುವುದೂ ಅಷ್ಟೇ: ಪೇಟೆಯಿಂದ ಸಾಮಾನು ಬರುವವರೆಗೆ ಸರಿ, ಅದರ ಮೇಲೆ ಮಣ್ಣು ಮುಚ್ಚಬಾರದು.

ಹಾಳಾದ ಭಾಗ ಕತ್ತರಿಸಿ, 10 ಕೆಜಿ ಪೈಪಿನ ತುಂಡನ್ನು ಎರಡು ಕಪ್ಲರ್ ಹಾಕಿ ಸೇರಿಸಿದೆವು. ಮೇಲಿಂದ ಜಿನುಗುವ ನೀರು ಪೂರ್ತಿ ನಿಲ್ಲದೆ ಸೊಲ್ಯೂಶನ್ (ಪಿವಿಸಿ ಅಂಟು) ಹಚ್ಚಿ ಪ್ರಯೋಜನವಿಲ್ಲ. ಬಟ್ಟೆ ತುರುಕಿ ತಡೆಯುವವರು ಆ ಬಟ್ಟೆಯನ್ನು ತೆಗೆಯಲು ಮರೆತರೆ ಮುಂದೆ ಅದು ಯಾವುದೋ ವಾಲ್ವಿನಲ್ಲಿ ಸಿಕ್ಕುತ್ತದೆ, ಹಾಗಾಗಿ ನಾವು ಕಾದೆವು. ಒಂದು ದಿನ ಒಣಗಲು ಬಿಟ್ಟು, ಪಂಪ್ ಹಾಕಿ ಹೊಂಡ ತೆರೆದಿರುವಾಗಲೇ ಒತ್ತಡ ಕೊಟ್ಟು ನೋಡಿ, ಆಮೇಲೆ ಮುಚ್ಚಿದ್ದು. ದಾರಿಯ ಅಡಿಯಲ್ಲಿ ಪೈಪನ್ನು ದಪ್ಪದ ಹಳೆ ಸಿಮೆಂಟ್ ಪೈಪಿನೊಳಗೆ ದಾಟಿಸಿದ್ದೇವೆ. ಮೇಲಿನ ಬ್ಲಾಕ್ ಓಡುವಾಗ ಮುಳ್ಳು ಮತ್ತೆ 4.6ಕ್ಕೆ ಬಂತು.

ಉಳಿದವು ಸಣ್ಣವು. ಸ್ಪ್ರಿಂಕ್ಲರಿನ ಕತ್ತಿನಿಂದ ನೀರು ಹನಿಯುವ ಬದಲು ಧಾರೆಯಾಗಿ ಸುರಿದರೆ ವಾಷರ್ ಸವೆದಿದೆ ಎಂದರ್ಥ, ಅದನ್ನಷ್ಟೇ ಬದಲಿಸಿದರೆ ಸಾಕು. ರೈಸರಿನ (ಸ್ಪ್ರಿಂಕ್ಲರ್ ಹೊತ್ತ ನಿಂತ ಪೈಪಿನ) ಬುಡದಲ್ಲಿ ಸೋರುವುದಕ್ಕೆ ಹೆಚ್ಚಾಗಿ ಕಾರಣ ಕಬ್ಬಿಣದ ನಿಪ್ಪಲನ್ನು ವಿಪರೀತ ಬಲ ಹಾಕಿ ತಿರುಗಿಸಿ ಪ್ಲಾಸ್ಟಿಕ್ ಎಫ್‌ಟಿಎ (ಒಳಗೆ ಥ್ರೆಡ್ ಇರುವ ಜೋಡಣೆ ತುಂಡು) ಸೀಳಿರುವುದು. ಹಿತ್ತಾಳೆ ಥ್ರೆಡ್ ಇರುವುದನ್ನು ಹಾಕಿದ ಮೇಲೆ ಆ ತಕರಾರು ಬಂದಿಲ್ಲ. ಗೇಟ್ ವಾಲ್ವಿನ ದಂಟಿನ ಬಳಿ ಜಿನುಗಿದರೆ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ, ನಿಲ್ಲದಿದ್ದರೆ ಒಳಗಿನ ಹಗ್ಗ ಬದಲಿಸಿ. ಪಂಪ್ ನಿಂತ ಮೇಲೆ ಬ್ಲಾಕಿನ ಅತಿ ಕೆಳಗಿನ ಸ್ಪ್ರಿಂಕ್ಲರಿನಿಂದ ಸ್ವಲ್ಪ ಹೊತ್ತು ನೀರು ಬೀಳುವುದು ಸೋರಿಕೆಯಲ್ಲ, ಪೈಪಿನಲ್ಲಿ ಉಳಿದದ್ದು ಇಳಿಯುತ್ತಿದೆ. ಮರುದಿನವೂ ಬೀಳುತ್ತಲೇ ಇದ್ದರೆ ಆ ಬ್ಲಾಕಿನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ನಮ್ಮಲ್ಲಿ ಅಂಥದ್ದು ಒಂದಿದೆ, ಒಳಗೆ ಕಸ ಸಿಕ್ಕಿರಬೇಕು. ಮಳೆ ಹಿಡಿದು ಪಂಪ್ ನಿಂತ ಮೇಲೆ ಬಿಚ್ಚುವುದು.