ಮೀಟರ್ ಹೊಸದು, ದರ ಇನ್ನೂ ಅಂಗಡಿಯದಾ?

ತುಮಕೂರಿನ ಕ್ಯಾತಸಂದ್ರದಲ್ಲಿ ನಮ್ಮ ಅತ್ತೆ ಬಹಳ ವರ್ಷ ಚಿಲ್ಲರೆ ಅಂಗಡಿ ಇಟ್ಟಿದ್ದರು. ಅದನ್ನು ಮುಚ್ಚಿದ ಮೇಲೆ ಹಿಂದಿನ ಕೋಣೆಯನ್ನೂ ಸೇರಿಸಿ ಚಿಕ್ಕ ಮನೆ ಮಾಡಿ ಬಾಡಿಗೆಗೆ ಕೊಟ್ಟೆವು. ಅಷ್ಟರಲ್ಲಿ ಚಕ್ರ ತಿರುಗುವ ಹಳೇ ಮೀಟರ್ ಹೋಗಿ ಡಿಜಿಟಲ್ ಮೀಟರ್ ಬಂತು. ಇನ್ನು ಮನೆ ದರವೇ ಬರುತ್ತೆ ಅಂದುಕೊಂಡೆವು. ಬಿಲ್ ಬಂದಾಗ ನೋಡಿದರೆ ಅದೇ ಎಲ್‌ಟಿ-3, ಅಂದರೆ ಅಂಗಡಿ ದರ. ಬಾಡಿಗೆಗೆ ಇದ್ದವರು ಸುಮ್ನೆ ಜಾಸ್ತಿ ಕಟ್ಟುತ್ತಿದ್ದರು. ಅದು ನನಗೆ ಇವತ್ತಿಗೂ ಬೇಸರ.

ಮೀಟರ್ ಯೂನಿಟ್ ಎಣಿಸುತ್ತದೆ, ಅಷ್ಟೆ. ದರ ಇರುವುದು ನಿಮ್ಮ ಆರ್.ಆರ್. ನಂಬರಿನ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆಯ) ಲೆಕ್ಕದಲ್ಲಿ. ಜಾಗದ ಬಳಕೆ ಬದಲಾಗಿದೆ ಎಂದು ನೀವೇ ಅರ್ಜಿ ಕೊಡಬೇಕು. 2025ರ ಏಪ್ರಿಲ್‌ನಲ್ಲಿ ಮನೆ ದರ, ಅಂದರೆ ಎಲ್‌ಟಿ-1, ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅಂಗಡಿಗೆ ಯೂನಿಟ್ ದರವೂ ಜಾಸ್ತಿ, ಫಿಕ್ಸೆಡ್ ಚಾರ್ಜೂ ಜಾಸ್ತಿ.

ಅರ್ಜಿಗೆ ಮೊದಲು ಮೀಟರ್ ಬದಲಿಸಿದ ತಿಂಗಳ ಬಿಲ್ ಸರಿ ಇದೆಯಾ ನೋಡಿ. ತಪ್ಪು ಹೆಚ್ಚಾಗಿ ಇಲ್ಲೇ ನುಸುಳುವುದು. ಆ ತಿಂಗಳ ಯೂನಿಟ್ ಎರಡು ಮೀಟರ್‌ಗಳಿಂದ ಬರುತ್ತದೆ. ಹಿಂದಿನ ಬಿಲ್ಲಿನಲ್ಲಿ ರೀಡಿಂಗ್ 14,210 ಇತ್ತು, ಹಳೇ ಮೀಟರ್ ಬಿಚ್ಚುವಾಗ 14,262 ಇತ್ತು ಅಂದುಕೊಳ್ಳಿ. ಅಲ್ಲಿಗೆ 52 ಯೂನಿಟ್. ಹೊಸದು 3ರಿಂದ ಶುರುವಾಗಿ ಈಗ 61 ತೋರಿಸಿದರೆ 58 ಯೂನಿಟ್. ಒಟ್ಟು 110. ಬಿಚ್ಚಿದಾಗಿನ ರೀಡಿಂಗನ್ನು ಯಾರಾದರೂ 14,762 ಎಂದು ಬರೆದುಕೊಂಡರೆ 500 ಯೂನಿಟ್ ನಿಮ್ಮ ತಲೆ ಮೇಲೆ ಬೀಳುತ್ತದೆ. ಹಳೇ ಮೀಟರ್ ಆಮೇಲೆ ಕೈಗೆ ಸಿಗುವುದಿಲ್ಲ. ಅದಕ್ಕೇ ಬಿಚ್ಚುವ ದಿನ ಮನೆಯಲ್ಲಿ ಯಾರಾದರೂ ಇರಲಿ. ಎರಡೂ ಮೀಟರಿನ ರೀಡಿಂಗ್ ಮತ್ತು ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಕೆಲಸಕ್ಕೆ ಬಂದವರಿಂದ ರೀಡಿಂಗ್ ಬರೆದ ಚೀಟಿ ಕೇಳಿ.

ಬಾಕಿ ಇದ್ದರೆ ಕಟ್ಟಿ ಮುಗಿಸಿ. ಆಮೇಲೆ ನಿಮ್ಮ ಭಾಗದ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ದರ ಬದಲಾವಣೆಗೆ ಅರ್ಜಿ ಕೊಡಿ. ಇತ್ತೀಚಿನ ಬಿಲ್, ಗುರುತಿನ ಚೀಟಿ, ಮನೆ ಕಂದಾಯದ ರಸೀದಿ ಜೊತೆಗಿರಲಿ. ಸಂಪರ್ಕ ತೀರಿಕೊಂಡವರ ಹೆಸರಲ್ಲಿದ್ದರೆ ಹೆಸರು ಬದಲಾವಣೆಯನ್ನೂ ಕೇಳಿ. ತಾರೀಖು ಹಾಕಿದ ಸ್ವೀಕೃತಿ ಪಡೆಯದೆ ಬರಬೇಡಿ. ಜಾಗ ನೋಡಲು ಬರುತ್ತಾರೆ. ಅಂಗಡಿ ಬೋರ್ಡು, ಗಾಜಿನ ಕಪಾಟು ಹಾಗೇ ಇದ್ದರೆ ಮನೆ ಅಂತ ಹೇಗೆ ಒಪ್ಪುತ್ತಾರೆ? ಮೊದಲೇ ತೆಗೆಸಿಬಿಡಿ.

ಉಲ್ಟಾ ವಿಷಯವೂ ಗೊತ್ತಿರಲಿ. ಮನೆ ದರದ ಸಂಪರ್ಕದಲ್ಲಿ ಅಂಗಡಿ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದುಪ್ಪಟ್ಟು ದರ ಹಾಕುತ್ತಾರೆ. ಎಂದಿನಿಂದ ನಡೆಯುತ್ತಿದೆ ಎಂದು ಪತ್ತೆಯಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ.

ಮುಂದಿನ ಬಿಲ್ಲಿನಲ್ಲಿ ಎಲ್‌ಟಿ-1 ಎಂದು ಬಂದಿದೆಯಾ ನೋಡಿ. ಮಂಜೂರಾದ ಲೋಡನ್ನೂ, ಅಂದರೆ ನಿಮ್ಮ ಸಂಪರ್ಕಕ್ಕೆ ಎಷ್ಟು ಕಿಲೋವಾಟ್ ಒಪ್ಪಿದ್ದಾರೆ ಅನ್ನುವುದನ್ನೂ ನೋಡಿ. ಫಿಕ್ಸೆಡ್ ಚಾರ್ಜ್ ನಿಂತಿರುವುದೇ ಅದರ ಮೇಲೆ. ಅಂಗಡಿ ಫ್ರಿಜ್‌ಗೆಂದು ಲೋಡ್ ಹೆಚ್ಚಿಸಿಕೊಂಡಿದ್ದರೆ ಕಡಿಮೆ ಮಾಡಿಸಬಹುದು. ತೀರಾ ಕಡಿಮೆ ಮಾಡಿಸಬೇಡಿ. ಒಂದೇ ಹೊತ್ತಿಗೆ ನೀವು ಅತಿ ಹೆಚ್ಚು ಎಷ್ಟು ಎಳೆದಿರಿ ಅನ್ನುವುದನ್ನು ಡಿಜಿಟಲ್ ಮೀಟರ್ ನೆನಪಿಟ್ಟುಕೊಳ್ಳುತ್ತದೆ, ಮಂಜೂರಾದದ್ದನ್ನು ಮೀರಿದರೆ ಗೊತ್ತಾಗಿಬಿಡುತ್ತದೆ.

ದರ ಬದಲಾದ ಕೂಡಲೇ ಗೃಹಜ್ಯೋತಿಗೆ ಅರ್ಜಿ ಹಾಕಿ. ಅದು ಮನೆ ದರದವರಿಗೆ ಮಾತ್ರ. ಬಾಡಿಗೆಯವರೂ ತಮ್ಮ ಆಧಾರ್ ಕೊಟ್ಟು ಸೇವಾಸಿಂಧು ಅಥವಾ ಗ್ರಾಮ ಒನ್‌ನಲ್ಲಿ ನೋಂದಾಯಿಸಬಹುದು. ಹಳೇ ಮನೆಗೆ ಆಧಾರ್ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಬೇಕು.

ಬಿಲ್ಲಿನಲ್ಲಿ ತಪ್ಪಿದ್ದರೆ 1912ಕ್ಕೆ ಕರೆ ಮಾಡಿ ದೂರು ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಸರಿಯಾಗದಿದ್ದರೆ ಜಿಲ್ಲಾ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಆ ಫೋಟೋಗಳು, ಆ ಸ್ವೀಕೃತಿ ಎರಡೂ ಬೇಕಾಗುತ್ತವೆ.